ಬಳಸಿದ ಅಣು ಇಂಧನದ ನೆಲೆ: ತಾರಾಪುರದಿಂದ ಕೋಲಾರದವರೆಗೆ

ರಿಯಾಕ್ಟರಿನಿಂದ ಹೊರತೆಗೆದ ಇಂಧನದಲ್ಲಿ ವಿದಳನ ನಿಂತರೂ ಶಾಖ ನಿಲ್ಲುವುದಿಲ್ಲ. ಕೈಗಾ ಸ್ಥಾವರದ ಇಂಧನ ಕಟ್ಟಿನಲ್ಲಿ 19 ಕಡ್ಡಿಗಳಿರುತ್ತವೆ. ಉದ್ದ ಸುಮಾರು ಅರ್ಧ ಮೀಟರ್, ತೂಕ ಒಬ್ಬರೇ ಎತ್ತಬಹುದಾದಷ್ಟು. ಹೊಸ ಕಟ್ಟನ್ನು ಕೆಲಸಗಾರರು ಕೈಯಲ್ಲೇ ಹಿಡಿದು ಪರೀಕ್ಷಿಸಬಹುದು. ಅದೇ ಕಟ್ಟು ರಿಯಾಕ್ಟರಿನಿಂದ ಹೊರಬಂದಾಗ ಅದರ ಬಳಿ ರಕ್ಷಣೆಯಿಲ್ಲದೆ ನಿಲ್ಲುವುದು ವಿಕಿರಣದಿಂದಾಗಿ ಪ್ರಾಣಾಪಾಯ. ಹೀಗಾಗಿ ಅದರ ಮೊದಲ ನೆಲೆ ಆಳವಾದ ನೀರಿನ ಕೊಳ. ಅಲ್ಲಿ ಕೆಲವು ವರ್ಷ ತಣಿದ ಮೇಲೆ ಉಕ್ಕು ಮತ್ತು ಕಾಂಕ್ರೀಟಿನ ಒಣ ಪೀಪಾಯಿಗಳಿಗೆ ಸಾಗಿಸಬಹುದು. ಆಮೇಲೆ ಉಳಿಯುವುದು ಎರಡು ದಾರಿ: ಯುರೇನಿಯಂ, ಪ್ಲುಟೋನಿಯಂ ಬೇರ್ಪಡಿಸುವ ಪುನಸ್ಸಂಸ್ಕರಣೆ ಅಥವಾ ಭೂಗರ್ಭ ಸಮಾಧಿ. ಯಾವ ದೇಶ ಯಾವ ದಾರಿ ಹಿಡಿಯಿತೆಂಬುದನ್ನು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ರಾಜಕೀಯವೇ ನಿರ್ಧರಿಸಿದೆ.

ಯುರೇನಿಯಂ ಕಡಿಮೆ, ಥೋರಿಯಂ ಹೇರಳವಾಗಿರುವ ಭಾರತಕ್ಕೆ ವಿಜ್ಞಾನಿ ಹೋಮಿ ಭಾಭಾ ಮೂರು ಹಂತಗಳ ಕಾರ್ಯಕ್ರಮ ರೂಪಿಸಿದರು. ಅದರಲ್ಲಿ ಬಳಸಿದ ಇಂಧನ ಕಸವಲ್ಲ, ಎರಡನೆಯ ಹಂತಕ್ಕೆ ಬೇಕಾದ ಪ್ಲುಟೋನಿಯಂನ ಮೂಲ. ಟ್ರಾಂಬೆಯ ಪುನಸ್ಸಂಸ್ಕರಣಾ ಘಟಕ 1964ರಲ್ಲಿ ಕೆಲಸ ಆರಂಭಿಸಿತು. ದೇಶದ ಮೊದಲ ಅಣು ವಿದ್ಯುತ್ ಸ್ಥಾವರವಾದ ತಾರಾಪುರ ವಿದ್ಯುತ್ ಕೊಟ್ಟಿದ್ದು 1969ರಲ್ಲಿ.

ಆದರೆ ತಾರಾಪುರದ ಮೊದಲ ಎರಡು ರಿಯಾಕ್ಟರುಗಳ ಇಂಧನವೇ ಈ ನೀತಿಯಿಂದ ಹೊರಗುಳಿಯಿತು. 1963ರ ಒಪ್ಪಂದದಡಿ ಅಮೆರಿಕದಿಂದ ಬಂದ ಆ ಇಂಧನವನ್ನು ಸಂಸ್ಕರಿಸಲು ಅಮೆರಿಕದ ಸಹಮತಿ ಬೇಕಿತ್ತು. 1974ರ ಪೋಖ್ರಾನ್ ಅಣುಪರೀಕ್ಷೆಯ ನಂತರ ಅದು ದೊರೆಯುವ ಸಾಧ್ಯತೆ ಇನ್ನಷ್ಟು ಕ್ಷೀಣಿಸಿತು. ಪುನಸ್ಸಂಸ್ಕರಣಾ ಘಟಕ ತಾರಾಪುರದಲ್ಲೇ ಇದ್ದರೂ ಇಂಧನ ಕೊಳದಲ್ಲೇ ಉಳಿಯಿತು. ಜಾಗ ಸಾಲದಾದಾಗ ಕೊಳದ ಚೌಕಟ್ಟುಗಳನ್ನು ಒತ್ತೊತ್ತಾಗಿ ಜೋಡಿಸಲಾಯಿತು. ಒಣ ಪೀಪಾಯಿಗಳು ಬಂದವು. ರಿಯಾಕ್ಟರಿನಿಂದ ದೂರದಲ್ಲಿ ಪ್ರತ್ಯೇಕ ಕೊಳ ಕಟ್ಟಬೇಕಾಯಿತು. ತಾತ್ಕಾಲಿಕವೆಂದು ಇಟ್ಟದ್ದು ಒಪ್ಪಂದದ ಅವಧಿ 1993ರಲ್ಲಿ ಮುಗಿದ ಮೇಲೂ ಅಲ್ಲೇ ಇತ್ತು.

ಪುನಸ್ಸಂಸ್ಕರಣೆಯಾದರೂ ತ್ಯಾಜ್ಯವನ್ನು ಇಲ್ಲವಾಗಿಸುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಯುರೇನಿಯಂ, ಪ್ಲುಟೋನಿಯಂ ತೆಗೆದ ಮೇಲೆ ಉಳಿಯುವ ತೀವ್ರ ವಿಕಿರಣದ ದ್ರವವನ್ನು ಗಾಜಿನಲ್ಲಿ ಬೆಸೆದು, ಉಕ್ಕಿನ ಡಬ್ಬಿಗಳಲ್ಲಿ ದಶಕಗಳ ಕಾಲ ತಣಿಯಲು ಬಿಡಲಾಗುತ್ತದೆ. ಕೊನೆಗೆ ಅದಕ್ಕೂ ಬಂಡೆಯ ಒಡಲೇ ಬೇಕು. ಆ ಬಂಡೆ ಇಂಥ ಶಾಖವನ್ನು ತಾಳಬಲ್ಲದೇ ಎಂದು ತಿಳಿಯಲು 1980ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯ ಕೈಬಿಟ್ಟ ಭಾಗವೊಂದರಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ ಪ್ರಯೋಗ ನಡೆಯಿತು. ತ್ಯಾಜ್ಯದ ಬದಲು ವಿದ್ಯುತ್ ಹೀಟರುಗಳನ್ನು ಇಳಿಸಿ, ಬಂಡೆ ಕಾಯುವ ಮತ್ತು ಹಿಗ್ಗುವ ಬಗೆಯನ್ನು ಅಳೆಯಲಾಯಿತು. ಗಣಿ 2001ರಲ್ಲಿ ಮುಚ್ಚಿತು. 2012ರಲ್ಲಿ, ಕೂಡಂಕುಳಂ ಅಣುಸ್ಥಾವರದ ಕುರಿತ ಮೊಕದ್ದಮೆಯ ವೇಳೆ, ಅಣುತ್ಯಾಜ್ಯ ಅಲ್ಲಿಗೆ ಬರುತ್ತದೆಂಬ ಸುದ್ದಿ ಹಬ್ಬಿ ಕೋಲಾರದ ಜನ ಬೀದಿಗಿಳಿದರು. ಅಂಥ ಯೋಜನೆಯಿಲ್ಲವೆಂದು ಸರ್ಕಾರ ಸ್ಪಷ್ಟಪಡಿಸಿತು. ಆ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ: ಊರಿನವರನ್ನು ಯಾರೂ ಮೊದಲು ಕೇಳಿರಲಿಲ್ಲ.

ಅಮೆರಿಕದಲ್ಲೂ ಇದೇ ತೊಡಕು. ನೆವಾಡಾದ ಯಕ್ಕಾ ಪರ್ವತವನ್ನು 1987ರಲ್ಲಿ ಕಾಂಗ್ರೆಸ್ ಭೂಗರ್ಭ ಸಮಾಧಿಯ ಏಕೈಕ ತಾಣವಾಗಿ ಹೇರಿತು. ರಾಜ್ಯದ ವಿರೋಧದ ನಡುವೆ ಯೋಜನೆ 2010ರ ಹೊತ್ತಿಗೆ ಸ್ಥಗಿತಗೊಂಡಿತು. ಫಿನ್‌ಲೆಂಡಿನ ಕಾನೂನು ಇದಕ್ಕೆ ವಿರುದ್ಧವಾಗಿ ಸ್ಥಳೀಯ ಪುರಸಭೆಗೇ ನಿರಾಕರಣೆಯ ಅಧಿಕಾರ ಕೊಟ್ಟಿದೆ. ಯೂರಯೋಕಿ ಪುರಸಭೆ ಒಪ್ಪಿದ ಮೇಲೆ ಅಲ್ಲಿನ ಭೂಗರ್ಭ ನೆಲೆಯನ್ನು 2001ರಲ್ಲಿ ಸಂಸತ್ತು ಅನುಮೋದಿಸಿತು. ಒಂಕಾಲೊ ಎಂಬ ಆ ನೆಲೆಯಲ್ಲಿ, 400 ಮೀಟರಿಗೂ ಆಳದಲ್ಲಿ, ತಾಮ್ರದ ಪೆಟ್ಟಿಗೆಗಳ ಸುತ್ತ ಬೆಂಟೊನೈಟ್ ಜೇಡಿಮಣ್ಣು ತುಂಬಿ ಸುರಂಗಗಳನ್ನು ಮುಚ್ಚುವ ಕ್ರಮವನ್ನು ಅಳವಡಿಸಲಾಗಿದೆ.