ಬಾಯಿ ಮುಚ್ಚಿದ ಊರು, ಬಾಯಿ ಮುಚ್ಚದ ಊರು

ಆಸ್ಟ್ರಿಯಾದ ಸಾಲ್ಸ್‌ಬರ್ಗ್ ಪ್ರಾಂತ್ಯದಲ್ಲಿ, ಆಲ್ಪ್ಸ್ ಬೆಟ್ಟಗಳ ನಡುವೆ, ಸರೋವರದ ದಂಡೆಗೆ ಅಂಟಿಕೊಂಡ ಊರು ತ್ಸೆಲ್. ಹಿಮ ಬಿದ್ದರೆ ಸ್ಕೀ ಆಡುವವರ ಜಾತ್ರೆ, ಕರಗಿದರೆ ಸರೋವರ ನೋಡುವವರ ಜಾತ್ರೆ. ಅಲ್ಲಿ ಒಂದು ಡಿಸೆಂಬರ್‌ನಲ್ಲಿ ವಯಸ್ಸಾದ ಇಬ್ಬರು ಅಮೆರಿಕನ್ನರು ಬೆಟ್ಟ ಹತ್ತಿಸುವ ಚೇರ್‌ಲಿಫ್ಟಿನಲ್ಲಿ ಕೂತಲ್ಲೇ ಹೆಪ್ಪುಗಟ್ಟಿ ಸತ್ತಿರುತ್ತಾರೆ. ಗಾಬರಿಯಾಗಬೇಡಿ, ಇದು ಕಾದಂಬರಿ. ವೋಲ್ಫ್ ಹಾಸ್ 1996ರಲ್ಲಿ ಪ್ರಕಟಿಸಿದ ಇದರ ಹೆಸರು ಕನ್ನಡದಲ್ಲಿ 'ಸತ್ತವರ ಪುನರುತ್ಥಾನ' ಎಂದಾಗುತ್ತದೆ. ತನಿಖೆಗೆ ಬಂದ ಸಿಮೋನ್ ಬ್ರೆನರ್ ಪೊಲೀಸ್ ಕೆಲಸಕ್ಕೆ ರಾಜೀನಾಮೆ ಕೊಟ್ಟು, ವಿಮಾ ಕಂಪನಿಯ ಪರವಾಗಿ ಅದೇ ಪ್ರಕರಣವನ್ನು ಕೆದಕುತ್ತ ಅಲ್ಲೇ ಉಳಿಯುತ್ತಾನೆ. ವಯಸ್ಸು ನಲವತ್ತು ದಾಟಿದೆ. ಹೆಂಡತಿ ಮಕ್ಕಳಿಲ್ಲ, ಮೈಗ್ರೇನ್ ಇದೆ. ಬುದ್ಧಿ ಚುರುಕು ಎಂದು ಯಾರೂ ಹೇಳುವುದಿಲ್ಲ. ಆದರೆ ಅವನಿಗೇ ಗೊತ್ತಿಲ್ಲದಂತೆ ಯಾವುದೋ ಹಾಡನ್ನು ಶಿಳ್ಳೆ ಹಾಕುತ್ತಿರುತ್ತಾನೆ, ಆ ಹಾಡಿನ ಮಾತುಗಳಲ್ಲೇ ಉತ್ತರ ಅಡಗಿರುತ್ತದೆ.

ಹಾಸ್ ಹುಟ್ಟಿದ್ದು 1960ರಲ್ಲಿ, ತ್ಸೆಲ್‌ಗೆ ಹತ್ತಿರದ ಮಾರಿಯಾ ಆಲ್ಮ್ ಎಂಬ ಹಳ್ಳಿಯಲ್ಲಿ. ಓದಿದ್ದು ಭಾಷಾಶಾಸ್ತ್ರ, ಹೊಟ್ಟೆಪಾಡಿಗೆ ಬರೆದದ್ದು ಜಾಹೀರಾತು. ಭಾಷಾಶಾಸ್ತ್ರ ಓದಿದವರ ಹೊಟ್ಟೆಪಾಡು ಎಲ್ಲ ದೇಶಗಳಲ್ಲೂ ಹೀಗೇ ಇರಬೇಕು. ಪತ್ತೇದಾರಿ ಓದುಗರನ್ನು ಬೆಚ್ಚಿಬೀಳಿಸಿದ್ದು ಅವನ ಹೆಣಗಳಿಗಿಂತ ಹೆಚ್ಚಾಗಿ ಅವನ ನಿರೂಪಕ. ಹೆಸರಿಲ್ಲದ ಈ ಧ್ವನಿ ಓದುಗನನ್ನು ಏಕವಚನದಲ್ಲೇ ಮಾತಾಡಿಸುತ್ತದೆ. ಕೊಲೆಯ ವಿಷಯ ಶುರುಮಾಡಿ ಊರಿನ ಇನ್ಯಾವುದೋ ಸಂಗತಿಗೆ ಜಾರುತ್ತದೆ. ಪದ ನೆನಪಾಗದಿದ್ದರೆ, ನಾವು 'ಅವನು ಆ ಇದು ತಂದನಲ್ಲ' ಎನ್ನುವ ಹಾಗೆ, 'ಅದೇ ಅದು' ಎಂದು ದಾಟಿಬಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ವಾಕ್ಯದಿಂದ ಕ್ರಿಯಾಪದವನ್ನೇ ಕಿತ್ತುಹಾಕುತ್ತದೆ.

ಜರ್ಮನ್‌ನಲ್ಲಿ ಇದು ಮನೆಯ ನಡುಗಂಬ ತೆಗೆದಂತೆ, ಏಕೆಂದರೆ ಅಲ್ಲಿ ಸಾಧಾರಣ ಹೇಳಿಕೆಯಲ್ಲಿ ಕ್ರಿಯಾಪದದ ಜಾಗ ಎರಡನೆಯದೆಂದು ನಿಗದಿಯಾಗಿದೆ. ಕನ್ನಡಕ್ಕೆ ತರಲು ಕೂತವರಿಗೆ ಇದೇ ತಲೆನೋವು. 'ಅವರಪ್ಪ ಮೇಷ್ಟ್ರು', 'ನನಗೆ ಜ್ವರ': ಕ್ರಿಯಾಪದವಿಲ್ಲದೆ ನಾವು ದಿನವಿಡೀ ಆರಾಮಾಗಿ ಮಾತಾಡುತ್ತೇವೆ, ಯಾರೂ ಬೆಚ್ಚುವುದಿಲ್ಲ. ಹಾಸ್‌ನ ತುಂಟತನ ನಮ್ಮಲ್ಲಿ ಬರೀ ವ್ಯಾಕರಣ. ಹಾಗಾಗಿ ಬೇರೆ ಕೀಲಿ ಹುಡುಕಬೇಕು, ಮತ್ತು ಅದು 'ಅಂತೆ' ಎಂದು ನನ್ನ ಅನಿಸಿಕೆ. 'ಅವನೇ ಕೊಂದನಂತೆ.' ಎರಡಕ್ಷರದಲ್ಲಿ ಸುದ್ದಿಯೂ ಹೊರಬಂತು, ಹೇಳಿದವನ ಜವಾಬ್ದಾರಿಯೂ ಕಳಚಿತು. ಅಂತೆ ಎಂದವನನ್ನು ಸಾಕ್ಷಿ ಕಟ್ಟೆಗೆ ಎಳೆಯಲಾಗದು. ಪುಣೆ, ಹೈದರಾಬಾದ್‌ಗಳಲ್ಲಿ ಫೋನಿನಲ್ಲೇ ಊರಿನ ಸುದ್ದಿ ಕೇಳಿ ಬೆಳೆದವರಿಗೆ ಇದರ ಬಲ ವಿವರಿಸಬೇಕಿಲ್ಲ.

ಎಲ್ಲವನ್ನೂ ಹೇಳಿ ಸಾಕ್ಷಿ ಮಾತ್ರ ಆಗದಿರುವ ಈ ದನಿ ಆಸ್ಟ್ರಿಯಾದ ಬೆಟ್ಟದೂರಿನ ಕಥೆಗೇ ಏಕೆ ಬೇಕಾಯಿತು ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

1943ರ ಮಾಸ್ಕೋ ಘೋಷಣೆಯಲ್ಲಿ ಮಿತ್ರರಾಷ್ಟ್ರಗಳು ಆಸ್ಟ್ರಿಯಾವನ್ನು ಹಿಟ್ಲರನ ಆಕ್ರಮಣಕ್ಕೆ ಬಲಿಯಾದ ಮೊದಲ ದೇಶ ಎಂದು ಕರೆದವು. ಯುದ್ಧದಲ್ಲಿ ಅದು ಹೊರಬೇಕಾದ ಹೊಣೆಯ ಬಗ್ಗೆಯೂ ಅದೇ ಘೋಷಣೆಯಲ್ಲಿ ಮಾತಿತ್ತು. ಯುದ್ಧ ಮುಗಿದ ಮೇಲೆ ದೇಶ ಮೊದಲ ಭಾಗವನ್ನು ಬಾಯಿಪಾಠ ಮಾಡಿತು, ಎರಡನೆಯದನ್ನು ಮರೆಯಿತು. ಆ ಮರೆವಿಗೆ ಬೆಟ್ಟಗಳು ಬಹಳ ನೆರವಾದವು. 1954ರ 'ಬೆಟ್ಟಗಳ ಪ್ರತಿಧ್ವನಿ'ಯಂಥ ಸಿನಿಮಾಗಳಲ್ಲಿ ಕಾಡು, ಜಿಂಕೆ, ಸಜ್ಜನ ಅರಣ್ಯಾಧಿಕಾರಿ. ಜನ ಮುಗಿಬಿದ್ದು ನೋಡಿದರು. ಪ್ರವಾಸೋದ್ಯಮವೂ ಮಾರಿದ್ದು ಇದೇ ಚಿತ್ರವನ್ನು. ತ್ಸೆಲ್‌ನಿಂದ ಕೆಲವೇ ಕಿಲೋಮೀಟರ್ ದೂರದ ಕಾಪ್ರುನ್‌ನಲ್ಲಿ ಜಲವಿದ್ಯುತ್ ಅಣೆಕಟ್ಟಿನ ಕೆಲಸಕ್ಕೆ 1938ರಲ್ಲಿ ಚಾಲನೆ ಕೊಟ್ಟವನು ಗೋರಿಂಗ್. ಯುದ್ಧಕಾಲದಲ್ಲಿ ಅಲ್ಲಿ ದುಡಿದವರಲ್ಲಿ ಬಹಳ ಮಂದಿ ಬಲವಂತವಾಗಿ ಎಳೆತಂದ ವಿದೇಶಿ ಕೂಲಿಗಳು, ಯುದ್ಧಕೈದಿಗಳು. ಮುಂದೆ ಅಮೆರಿಕದ ಮಾರ್ಷಲ್ ಯೋಜನೆಯ ಹಣದಿಂದ 1955ರಲ್ಲಿ ಕೆಲಸ ಮುಗಿದಾಗ ಅದೇ ಅಣೆಕಟ್ಟು ಹೊಸ ಗಣರಾಜ್ಯದ ಹೆಮ್ಮೆಯ ಗುರುತಾಯಿತು.

ಈ ಚಂದದ ಚಿತ್ರಕ್ಕೆ ಮೊದಲು ಮಸಿ ಬಳಿದವರಲ್ಲಿ ಹಾನ್ಸ್ ಲೇಬರ್ಟ್ ಒಬ್ಬ. 1960ರಲ್ಲಿ ಬಂದ ಅವನ 'ತೋಳದ ಚರ್ಮ' ಕಾದಂಬರಿಯಲ್ಲಿ ಬೆಟ್ಟದ ಹಳ್ಳಿಯ ಹೆಸರೇ 'ಮೌನ'. ಯುದ್ಧದ ಕೊನೆಯ ದಿನಗಳಲ್ಲಿ ಊರಿನ ಗಂಡಸರು ಕೆಲವರು ವಿದೇಶಿ ಕೂಲಿಗಳನ್ನು ಕೊಂದಿದ್ದಾರೆ. ವರ್ಷಗಳ ನಂತರ ಸಾವುಗಳು ಮತ್ತೆ ಶುರುವಾಗುತ್ತವೆ. ಹೊರಗಿನಿಂದ ಮರಳಿದ ಒಬ್ಬ ನಾವಿಕ ಕೆದಕುತ್ತಾನೆ. ಊರು ಬಾಯಿ ಬಿಡುವುದಿಲ್ಲ. ಮುಖ್ಯ ಕೊಲೆಗಾರ ಜೈಲಿಗಲ್ಲ, ಪ್ರಾಂತೀಯ ಶಾಸನಸಭೆಗೆ ಹೋಗುತ್ತಾನೆ. ಮಳೆ, ಕೆಸರು, ಭಾರವಾದ ವಾಕ್ಯಗಳು. ನಗು ಬಂದರೂ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಆಮೇಲೆ 1986ರಲ್ಲಿ ಕುರ್ಟ್ ವಾಲ್ಡ್‌ಹೈಮ್ ಅಧ್ಯಕ್ಷ ಚುನಾವಣೆಗೆ ನಿಂತಾಗ, ಜೀವನಚರಿತ್ರೆಯಲ್ಲಿ ಅವನು ಹೇಳದೇ ಬಿಟ್ಟಿದ್ದ ಸೈನಿಕ ವರ್ಷಗಳು ಬಯಲಾದವು. ಅವನು ಗೆದ್ದದ್ದೂ ಹೌದು. ಆದರೆ ಮೌನ ಮುರಿದಿತ್ತು. 1991ರ ಜುಲೈಯಲ್ಲಿ ಚಾನ್ಸಲರ್ ಫ್ರಾನ್ಸ್ ವ್ರಾನಿಟ್ಸ್ಕಿ ಸಂಸತ್ತಿನಲ್ಲೇ ಆಸ್ಟ್ರಿಯನ್ನರ ಪಾಲಿನ ಹೊಣೆಯನ್ನು ಒಪ್ಪಿಕೊಂಡ. ಐದು ವರ್ಷದ ಮೇಲೆ ಹಾಸ್‌ನ ಮೊದಲ ಬ್ರೆನರ್ ಕಾದಂಬರಿ ಬಂತು. ಮೌನ ಮುರಿದ ಊರಿನಲ್ಲಿ ಏನಾಗುತ್ತದೆ? ಸತ್ಯ ಹೊರಬರುತ್ತದೆ ಎಂದುಕೊಂಡರೆ ಅದು ನಮ್ಮ ಮುಗ್ಧತೆ. ಹರಟೆ ಹೊರಬರುತ್ತದೆ. ಲೇಬರ್ಟ್‌ನ ಊರು ತುಟಿ ಹೊಲಿದುಕೊಂಡು ಮುಚ್ಚಿಟ್ಟದ್ದನ್ನು ಹಾಸ್‌ನ ಊರು ಮಾತಾಡಿ ಮಾತಾಡಿ ಮುಚ್ಚಿಡುತ್ತದೆ. ಅವನ ನಗುವನ್ನು ಬರೀ ರಂಜನೆ ಎಂದು ತಳ್ಳಿಹಾಕುವವರನ್ನು ನಾನು ಒಪ್ಪದಿರುವುದು ಇದಕ್ಕೇ.

ಪತ್ತೇದಾರ ಮಾಜಿ ಪೊಲೀಸನಾಗಿರಬೇಕಾದ್ದೂ ಇದಕ್ಕೇ. ಬಿಲ್ಲೆ ತೋರಿಸಿ ಪ್ರಶ್ನೆ ಕೇಳಿದರೆ ಊರು ಹೇಳಿಕೆ ಕೊಡುತ್ತದೆ, ಅಷ್ಟೆ. ಕೆಲಸ ಬಿಟ್ಟವನು, ತಲೆನೋವಿನವನು, ಹೋಟೆಲಿನ ಮೂಲೆಯಲ್ಲಿ ಸುಮ್ಮನೆ ಕೂತವನು ಸಿಕ್ಕರೆ ತಾನಾಗಿ ಬಂದು ಸುರಿಯುತ್ತದೆ. ಇವನಿಗೊಬ್ಬ ಹಿರಿಯಣ್ಣನಿದ್ದಾನೆ: ಸ್ವಿಟ್ಜರ್ಲೆಂಡಿನ ಫ್ರೀಡ್ರಿಷ್ ಗ್ಲೌಸರ್ 1930ರ ದಶಕದಲ್ಲಿ ಸೃಷ್ಟಿಸಿದ ಸ್ಟೂಡರ್. ಬ್ಯಾಂಕ್ ಹಗರಣವೊಂದರಲ್ಲಿ ಕಮಿಷನರ್ ಹುದ್ದೆ ಕಳೆದುಕೊಂಡು ಕೆಳಗಿನಿಂದ ಮತ್ತೆ ಶುರುಮಾಡಿದವನು. ಸ್ಟೂಡರ್‌ನನ್ನು ಬರೆದವನಂತೂ ಮಾರ್ಫಿನ್ ಚಟದಿಂದ ಆಸ್ಪತ್ರೆ, ಹುಚ್ಚಾಸ್ಪತ್ರೆ, ಜೈಲು ಸುತ್ತಿ, 1938ರಲ್ಲಿ ಮದುವೆಯ ಹಿಂದಿನ ದಿನ ಕುಸಿದು ತೀರಿಕೊಂಡ. ಅವನ ಜರ್ಮನ್‌ನಲ್ಲೂ ಸ್ವಿಸ್ ಆಡುಮಾತು ಉಸಿರಾಡುತ್ತದೆ.

ಬ್ರೆನರ್ ಬಹಳ ಕಾಲ ಬೆಟ್ಟದಲ್ಲಿ ಉಳಿಯಲಿಲ್ಲ. 1997ರಲ್ಲಿ ಕೋಳಿ ಹುರಿಯುವ ಹೋಟೆಲೊಂದರ ಮೂಳೆರಾಶಿಯಲ್ಲಿ ಮನುಷ್ಯರ ಮೂಳೆ. 1999ರಲ್ಲಿ ಸಾಲ್ಸ್‌ಬರ್ಗ್‌ನ ಕ್ಯಾಥೊಲಿಕ್ ವಸತಿಶಾಲೆ. ಪುಸ್ತಕದ ಹೆಸರು ಮತ್ತದೇ, 'ನಿಶ್ಶಬ್ದ!' 2003ರಲ್ಲಿ, ಆರನೆಯ ಪುಸ್ತಕದ ಕೊನೆಗೆ, ಅಷ್ಟು ದಿನ ಹೊರಗೆ ನಿಂತು ಹರಟಿದ ನಿರೂಪಕ ಮೊದಲ ಸಲ ಕಥೆಯೊಳಗೆ ಕಾಲಿಡುತ್ತಾನೆ, ಕಣ್ಣಾರೆ ಕಂಡವನಾಗುತ್ತಾನೆ, ಗುಂಡೇಟು ತಿಂದು ಸಾಯುತ್ತಾನೆ. 2009ರಲ್ಲಿ ಅದೇ ಧ್ವನಿ ಮತ್ತೆ ಮಾತಿಗೆ ಕೂರುತ್ತದೆ; ಮೊದಲ ಪುಸ್ತಕದ ಹೆಸರಿನಲ್ಲೇ ಪುನರುತ್ಥಾನ ಇತ್ತಲ್ಲ. 2022ರ 'ಕಸ'ದಲ್ಲಿ ಬ್ರೆನರ್‌ಗೆ ವಿಯೆನ್ನಾದ ಕಸ ಸಂಗ್ರಹ ಕೇಂದ್ರದಲ್ಲಿ ಕೆಲಸ. ಈ ಸಲದ ಹೆಣ ಶಿಸ್ತಾಗಿ ವಿಂಗಡಣೆಯಾಗಿಯೇ ಬರುತ್ತದೆ: ಬೇರೆ ಬೇರೆ ಭಾಗ, ಬೇರೆ ಬೇರೆ ತೊಟ್ಟಿ.