ಲಿಂಗನಮಕ್ಕಿ ಜಲಾಶಯದ ನೀರಿನ ಲಭ್ಯತೆಯ ಅಂದಾಜು

ಲಿಂಗನಮಕ್ಕಿ ಜಲಾಶಯವು ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಶರಾವತಿ ನದಿಗೆ ಅಡ್ಡಲಾಗಿ 1964ರಲ್ಲಿ ಕಟ್ಟಿದ ಅಣೆಕಟ್ಟಿನಿಂದ ಉಂಟಾದುದು. ಇದರ ನೀರು ತಳಕಳಲೆ ಜಲಾಶಯದ ಮೂಲಕ 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವನ್ನು ಸೇರುತ್ತದೆ. ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವುದರಿಂದ, ಆ ನಾಲ್ಕು ತಿಂಗಳ ಸಂಗ್ರಹವೇ ಮುಂದಿನ ಮುಂಗಾರಿನವರೆಗೆ ಒದಗಬೇಕು.

ಹಳ್ಳತೊರೆಗಳು ಹಲವು ಕಡೆಯಿಂದ ಸೇರುವ ಇಂತಹ ಜಲಾಶಯಗಳಲ್ಲಿ ಒಳಹರಿವನ್ನು ನೇರವಾಗಿ ಅಳೆಯುವುದು ಕಷ್ಟ. ಸಂಗ್ರಹದಲ್ಲಾದ ವ್ಯತ್ಯಾಸಕ್ಕೆ ಹೊರಬಿಟ್ಟ ನೀರನ್ನೂ ಆವಿಯಾದುದನ್ನೂ ಕೂಡಿಸಿ ಅದನ್ನು ಲೆಕ್ಕ ಹಾಕಲಾಗುತ್ತದೆ.

ಪತ್ರಿಕೆಗಳು ಪ್ರಕಟಿಸುವುದು ನೀರಿನ ಮಟ್ಟವನ್ನು; ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಈ ಅಂಕಿಯೊಂದನ್ನೇ ನಂಬಿದರೆ ಅಂದಾಜು ತಪ್ಪುತ್ತದೆ. ತುಂಬಿದಾಗ ನೀರು ಸುಮಾರು 300 ಚದರ ಕಿ.ಮೀ. ಹರಡಿಕೊಳ್ಳುವುದರಿಂದ ಮೇಲಿನ ಒಂದು ಅಡಿಯಲ್ಲೇ ಹೆಚ್ಚುಕಡಿಮೆ 3 ಟಿಎಂಸಿ ಅಡಿ ನೀರಿರುತ್ತದೆ. ಕಣಿವೆ ಕಿರಿದಾಗುವ ತಳದ ಒಂದು ಅಡಿಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದಲೇ ಬೇಸಿಗೆಯಲ್ಲಿ ನೀರಿನ ಬಳಕೆ ಹೆಚ್ಚದಿದ್ದರೂ ಮಟ್ಟ ಬೇಗ ಬೇಗ ಕುಸಿಯುತ್ತದೆ.

ಜಲಾಶಯ ತುಂಬುವ ಹೊತ್ತಿನ ತೊಡಕು ಬೇರೆ. ಮುಂಚಿತವಾಗಿ ಬಿಟ್ಟ ನೀರು ಶರಾವತಿ ವಿದ್ಯುದಾಗಾರಕ್ಕೆ ಒದಗದೆ ಜೋಗದಲ್ಲಿ ಧುಮುಕಿ ಹೋಗುತ್ತದೆ (ಪ್ರವಾಸಿಗರಿಗೆ ಅದೇ ಹಬ್ಬ). ತಡಮಾಡಿದರೆ ನದಿಯ ಕೆಳಪಾತ್ರದ ಊರುಗಳಿಗೆ ನೆರೆಯ ಭಯ.