ಕುಷ್ಠರೋಗ: ಚಿಕಿತ್ಸಾ ಸಂಶೋಧನೆಯ ಇತಿಹಾಸ

ಆಯುರ್ವೇದದಲ್ಲಿ ಕುಷ್ಠವೆಂದರೆ ಹದಿನೆಂಟು ಬಗೆಯ ಚರ್ಮವ್ಯಾಧಿಗಳಿಗೆ ಸಲ್ಲುವ ಹೆಸರು. ಇಂದು ಕುಷ್ಠರೋಗ ಎನ್ನುವುದು ಮೈಕೋಬ್ಯಾಕ್ಟೀರಿಯಂ ಲೆಪ್ರೇ ಎಂಬ ಬ್ಯಾಕ್ಟೀರಿಯಾದಿಂದ ಬರುವ ರೋಗವನ್ನು ಮಾತ್ರ. ಈ ಹೆಸರಿನ ಗೊಂದಲದಲ್ಲಿ ತೊನ್ನು ಇದ್ದವರೂ ಅನ್ಯಾಯವಾಗಿ ನೊಂದಿದ್ದಾರೆ. ತೊನ್ನಿನ ಕಲೆಗೆ ಹತ್ತಿಯ ಎಳೆ ತಾಗಿದರೆ ಗೊತ್ತಾಗುತ್ತದೆ. ಕುಷ್ಠದ ಮಚ್ಚೆ ಸಾಮಾನ್ಯವಾಗಿ ಜೋಮುಗಟ್ಟಿರುತ್ತದೆ.

ನಾರ್ವೆಯ ಬರ್ಗನ್‌ನಲ್ಲಿ ಗೆರ್ಹಾರ್ಡ್ ಹ್ಯಾನ್ಸನ್ 1873ರಲ್ಲಿ ಈ ರೋಗಾಣುವನ್ನು ಗುರುತಿಸಿದ. ಇದು ಅಂಟುರೋಗವೆಂದು ಸಾಧಿಸುವ ಹಟದಲ್ಲಿ 1879ರಲ್ಲಿ ಒಬ್ಬ ರೋಗಿಯ ಗಂಟಿನಿಂದ ತೆಗೆದ ದ್ರವ್ಯವನ್ನು ಇನ್ನೊಬ್ಬ ರೋಗಿಯ, ಒಬ್ಬ ಹೆಂಗಸಿನ, ಕಣ್ಣಿಗೆ ಚುಚ್ಚಿದ. ಆಕೆಯನ್ನು ಕೇಳಿರಲಿಲ್ಲ. ಮರುವರ್ಷ ನ್ಯಾಯಾಲಯ ಅವನನ್ನು ಆಸ್ಪತ್ರೆಯ ಹುದ್ದೆಯಿಂದ ತೆಗೆದುಹಾಕಿತು. ರೋಗಿಯ ಒಪ್ಪಿಗೆಯ ಇತಿಹಾಸದಲ್ಲಿ ಈ ತೀರ್ಪಿನ ತೂಕ ಆ ಶೋಧಕ್ಕಿಂತ ಕಡಿಮೆಯದಲ್ಲ.

ಔಷಧಿ ಎಂದು ಬಹುಕಾಲ ಇದ್ದದ್ದು ಎಣ್ಣೆಯೊಂದೇ. ಸುಶ್ರುತ ಸಂಹಿತೆ ತುವರಕ ತೈಲವನ್ನು ಹೇಳುತ್ತದೆ. ನಮ್ಮ ಪಶ್ಚಿಮಘಟ್ಟದ ಗರುಡಫಲದ ಬೀಜದಲ್ಲಿರುವುದೂ ಅದೇ ಜಾತಿಯ ಎಣ್ಣೆ. ಅದರ ಬಳಗದ ಚಾಲ್ಮೂಗ್ರ ಎಣ್ಣೆಯನ್ನು 1854ರಲ್ಲಿ ಕಲ್ಕತ್ತದ ವೈದ್ಯ ಫ್ರೆಡರಿಕ್ ಜಾನ್ ಮೌವಟ್ ಪಾಶ್ಚಾತ್ಯ ವೈದ್ಯಕ್ಕೆ ಪರಿಚಯಿಸಿದ. ಕುಡಿದರೆ ಹೊಟ್ಟೆ ತೊಳಸಿ ವಾಂತಿ. ಸೂಜಿಯಲ್ಲಿ ಕೊಟ್ಟರೆ ಜಿಗುಟಾದ ಎಣ್ಣೆ ಕರಗದೆ, ಚರ್ಮದಡಿ ಗುಳ್ಳೆ ಗುಳ್ಳೆಯಾಗಿ ನಿಂತುಬಿಡುತ್ತಿತ್ತು. ಹವಾಯಿಯಲ್ಲಿ ಆಲಿಸ್ ಬಾಲ್ ಎಂಬ ಕರಿಯ ತರುಣಿ ಅದರ ಕೊಬ್ಬಿನಾಮ್ಲಗಳನ್ನು ಈಥೈಲ್ ಎಸ್ಟರ್‌ಗಳಾಗಿ ಮಾರ್ಪಡಿಸಿ, ಮೈ ಹೀರಿಕೊಳ್ಳುವಂತೆ ಮಾಡಿದಳು. 1916ರಲ್ಲಿ, 24ನೇ ವಯಸ್ಸಿಗೇ ತೀರಿಕೊಂಡಳು. ಅವಳ ಕೆಲಸವನ್ನು ಅಲ್ಲಿನ ಕಾಲೇಜಿನ ಅಧ್ಯಕ್ಷ ಆರ್ಥರ್ ಡೀನ್ ಅವಳ ಹೆಸರೆತ್ತದೆ ಪ್ರಕಟಿಸಿದ. ಸಲ್ಲಬೇಕಾದ ಗೌರವ ಸಲ್ಲಲು ದಶಕಗಳೇ ಹಿಡಿದವು.

ನಿಜವಾದ ತಿರುವು 1941ರಲ್ಲಿ, ಅಮೆರಿಕದ ಕಾರ್ವಿಲ್ ಆಸ್ಪತ್ರೆಯಲ್ಲಿ ಬಂತು. ಗೈ ಫ್ಯಾಜೆಟ್ ಪ್ರೋಮಿನ್ ಎಂಬ ಸಲ್ಫೋನ್ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು ಗುಣ ಕಂಡ. ಅದರ ಮೂಲವಸ್ತು ಡ್ಯಾಪ್ಸೋನ್ 1908ರಲ್ಲೇ ತಯಾರಾಗಿ ಬಿದ್ದಿತ್ತು. 1940ರ ದಶಕದಲ್ಲಿ ಮದ್ರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ ರಾಬರ್ಟ್ ಕಾಕ್ರೇನ್ ಅದನ್ನು ರೋಗಿಗಳಿಗೆ ಕೊಟ್ಟು ನೋಡಿದ. ಆಮೇಲೆ ಅಗ್ಗದ ಮಾತ್ರೆಯಾಗಿ ಅದು ಹಳ್ಳಿಹಳ್ಳಿಗೂ ತಲುಪಿತು.

ಆದರೆ ಮದ್ದು ನಾಟುತ್ತಿದೆಯೇ ಎಂದು ಪರೀಕ್ಷಿಸುವುದೇ ಕಷ್ಟವಾಗಿತ್ತು. ಈ ರೋಗಾಣು ಪ್ರಯೋಗಾಲಯದ ತಟ್ಟೆಯಲ್ಲಿ ಇಂದಿಗೂ ಬೆಳೆಯುವುದಿಲ್ಲ. ಎರಡಾಗಲು ಅದಕ್ಕೆ ಹೆಚ್ಚುಕಡಿಮೆ ಎರಡು ವಾರ ಬೇಕು. ಮೈಯ ತಂಪು ಭಾಗಗಳೇ ಅದಕ್ಕೆ ಹಿತ, ಹಾಗಾಗಿಯೇ ಕಿವಿ, ಮೂಗು, ಕೈಕಾಲುಗಳು ಕೆಡುವುದು. 1960ರಲ್ಲಿ ಚಾರ್ಲ್ಸ್ ಶೆಪರ್ಡ್ ಇಲಿಯ ತಂಪಾದ ಅಂಗಾಲಿನಲ್ಲಿ ಅದನ್ನು ಬೆಳೆಸಿ ತೋರಿಸಿದ. ಅದೇ ವಿಧಾನದಿಂದ 1964ರಲ್ಲಿ ಮಲೇಷ್ಯಾದ ರೋಗಿಗಳಲ್ಲಿ ಡ್ಯಾಪ್ಸೋನ್‌ಗೆ ಬಗ್ಗದ ರೋಗಾಣು ಇರುವುದು ಸಾಬೀತಾಯಿತು. ವರ್ಷಗಟ್ಟಲೆ ಒಂದೇ ಮಾತ್ರೆ ನುಂಗಿದವರಿಗೆ ಇದು ಎಂಥ ಆಘಾತವೆಂದು ಊಹಿಸಬಹುದು.

ಹಾಗಾಗಿ ರಿಫಾಂಪಿಸಿನ್, ಕ್ಲೋಫಾಜಿಮಿನ್, ಡ್ಯಾಪ್ಸೋನ್ ಸೇರಿದ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿತು. ತಿಂಗಳಿಗೊಮ್ಮೆ ಆರೋಗ್ಯ ಕಾರ್ಯಕರ್ತೆಯ ಎದುರಿನಲ್ಲೇ ನುಂಗಬೇಕಾದ ಗುಳಿಗೆಗಳು ಕೆಲವು, ಮಿಕ್ಕವು ಮನೆಯಲ್ಲಿ ದಿನವೂ. ಕ್ಲೋಫಾಜಿಮಿನ್ ಮೈಬಣ್ಣವನ್ನು ಕೆಂಪುಗಪ್ಪಾಗಿಸುತ್ತದೆ. ರೋಗವನ್ನು ಮುಚ್ಚಿಟ್ಟವರ ಮುಖವನ್ನು ಮದ್ದೇ ಬಯಲು ಮಾಡುತ್ತದೆಂಬ ಹೆದರಿಕೆಯಲ್ಲಿ ಕೆಲವರು ಅದನ್ನು ಅರ್ಧಕ್ಕೇ ಬಿಟ್ಟದ್ದುಂಟು.

ಭಾರತದಲ್ಲಿ ರಾಷ್ಟ್ರೀಯ ಕಾರ್ಯಕ್ರಮ 1955ರಲ್ಲಿ ಆರಂಭವಾಯಿತು. 2005ರ ಕೊನೆಗೆ ರೋಗದ ಪ್ರಮಾಣ ದೇಶದ ಮಟ್ಟದಲ್ಲಿ 10,000 ಜನರಿಗೆ ಒಂದಕ್ಕಿಂತ ಕೆಳಗಿಳಿಯಿತು. ಕುಷ್ಠರೋಗಿಗಳನ್ನು ಬೇರ್ಪಡಿಸಿಡುವ 1898ರ ಕಾಯಿದೆ ರದ್ದಾದದ್ದು 2016ರಲ್ಲಿ. ಸಂಗಾತಿಗೆ ಕುಷ್ಠವಿದ್ದರೆ ವಿಚ್ಛೇದನ ಕೇಳಬಹುದೆಂಬ ಕಲಮು 2019ರವರೆಗೂ ವಿವಾಹ ಕಾನೂನುಗಳಲ್ಲಿ ಇತ್ತು.